ಭಾವನ ಟ್ರಕ್ಕಿಗೆ ಮುಚ್ಚಳ ಹುಡುಕಿದ ಶನಿವಾರ

ಮಿಶಿಗನ್‌ನ ನಮ್ಮ ಕನ್ನಡ ಬಳಗದಲ್ಲಿ ಪಿಕಪ್ ಟ್ರಕ್ ಇಟ್ಟವರು ಕಡಿಮೆ. ಯಾರ ಮನೆ ಮುಂದೆ ನೋಡಿದರೂ ಟೊಯೋಟಾ, ಹೋಂಡಾ. ಹಾಗಾಗಿ ನಮ್ಮ ಭಾವ ಹಳೆಯ ಫೋರ್ಡ್ ಎಫ್-150 ಒಂದನ್ನು ತಂದು ನಿಲ್ಲಿಸಿದಾಗ ಎಲ್ಲರೂ "ಇದ್ಯಾಕ್ರೀ ನಿಮಗೆ?" ಎಂದೇ ಕೇಳಿದರು. ಅವರಿಗೆ ಕಾರಣ ಇತ್ತು. ಯುಗಾದಿ, ರಾಜ್ಯೋತ್ಸವ, ದೀಪಾವಳಿ ಯಾವುದೇ ಬರಲಿ, ದೊಡ್ಡ ಪಾತ್ರೆ, ಮಡಚುವ ಮೇಜು, ಸ್ಪೀಕರ್ ಸಾಗಿಸುವ ಕೆಲಸ ಅವರ ತಲೆಗೇ ಬೀಳುತ್ತಿತ್ತು. ಪ್ರತಿ ಸಲ ಬಾಡಿಗೆ ವ್ಯಾನ್ ತಂದು ಸಾಕಾಗಿತ್ತು.

ಟ್ರಕ್ ಬಂತು, ಸರಿ. ಆದರೆ ಹಿಂದಿನ ಬೆಡ್, ಅಂದರೆ ಸಾಮಾನು ಹಾಕುವ ಜಾಗ, ಪೂರ್ತಿ ತೆರೆದ ಬಯಲು. ಮಳೆ ಬಂದರೆ ಮೇಜು ನೆನೆಯುತ್ತದೆ. ಅಂಗಡಿ ಮುಂದೆ ನಿಲ್ಲಿಸಿ ಒಳಗೆ ಹೋದರೆ ಸ್ಪೀಕರ್ ಮೇಲೇ ಮನಸ್ಸು.

"ಊರಲ್ಲಿ ಬೊಲೆರೊ ಪಿಕಪ್‌ಗೆ ಮಾಡೋ ಹಾಗೆ ಒಂದು ಟಾರ್ಪಾಲ್ ಹೊದಿಸಿ ಹಗ್ಗ ಬಿಗಿದರೆ ಆಯ್ತಲ್ಲ ಭಾವ?" ಅಂದೆ.

"ಹೈವೇಲಿ 70 ಮೈಲಿ ಸ್ಪೀಡಲ್ಲಿ ಟಾರ್ಪಾಲ್ ಪಟಪಟ ಬಡ್ಕೊಳ್ಳೋದನ್ನ ನೀನು ಕೂತು ಕೇಳ್ತೀಯಾ? ನಡಿ ನನ್ ಜೊತೆ," ಅಂತ ಟ್ರಕ್ಕಿಗೆ ಹತ್ತಿಸಿಕೊಂಡರು.

ನವೆಂಬರ್ ತಿಂಗಳು. ಟ್ರಕ್ ಸಾಮಾನು ಮಾತ್ರ ಮಾರುವ ಅಂಗಡಿ. ಅಲ್ಲಿ ನನಗೆ ತುಂಬಾ ಹಿಡಿಸಿದ್ದು, ಟ್ರಕ್ಕಿನ ಹಿಂಭಾಗವನ್ನಷ್ಟೇ ಕತ್ತರಿಸಿ ಸಾಲಾಗಿ ಇಟ್ಟು ಒಂದೊಂದಕ್ಕೂ ಬೇರೆ ಬೇರೆ ಮುಚ್ಚಳ ಕೂರಿಸಿದ್ದು. ತೆಗೆದು, ಮುಚ್ಚಿ, ತಟ್ಟಿ ನೋಡಬಹುದು. ಈ ಚಪ್ಪಟೆ ಮುಚ್ಚಳಕ್ಕೆ ಎಲ್ಲ ಸೇರಿ ಇಟ್ಟ ಹೆಸರು ಟಾನೋ ಕವರ್. ಎತ್ತರದ್ದು, ಕಿಟಕಿ ಇರುವ ಗೂಡಿನಂಥದ್ದು ಬೇರೆ ಜಾತಿ. ಅದನ್ನು ಮಿಶಿಗನ್ ಕಡೆ ಟಾಪರ್ ಅಥವಾ ಕ್ಯಾಪ್ ಅಂತಾರೆ, ಕ್ಯಾಲಿಫೋರ್ನಿಯಾದವರು ಕ್ಯಾಂಪರ್ ಶೆಲ್ ಅಂತಾರೆ. ಭಾವನಿಗೆ ಅದು ಬೇಡವಾಗಿತ್ತು. "ನಾಳೆ ಯಾರಾದ್ರೂ ಫ್ರಿಜ್ ಸಾಗಿಸ್ಬೇಕು ಅಂದ್ರೆ?" ಅನ್ನೋದು ಅವರ ವಾದ. ಯಾರೋ ಅಂದೇ ಅನ್ನುತ್ತಾರೆ, ಟ್ರಕ್ ಇದ್ದವರ ಹಣೆಬರಹವೇ ಅದು.

ಕೌಂಟರ್‌ನಲ್ಲಿದ್ದ ಹಿರಿಯರು ಬೆಲೆಯ ಮಾತೇ ಎತ್ತಲಿಲ್ಲ. ಮೊದಲು ಬೆಡ್ ಎಷ್ಟು ಉದ್ದ ಅಂತ ಕೇಳಿದರು. ಎಫ್-150ರಲ್ಲೇ ಐದೂವರೆ, ಆರೂವರೆ, ಎಂಟು ಅಡಿ ಅಂತ ಮೂರು ಅಳತೆ ಇವೆ. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ನಮ್ಮದು ಐದೂವರೆ. ಆಮೇಲೆ, ರ‍್ಯಾಮ್ ಟ್ರಕ್ಕಾದರೆ ಪಕ್ಕದ ಗೋಡೆಯಲ್ಲಿ ಪೆಟ್ಟಿಗೆ ಇರುವ ಮಾದರಿಯಾ, ಟೊಯೋಟಾ ಆದರೆ ಒಳಗೆ ಹಳಿ ಇದೆಯಾ ಅಂತೆಲ್ಲ ನೋಡಬೇಕಂತೆ. ಅವಕ್ಕೆ ಮುಚ್ಚಳ ಬಿಗಿಯುವ ಕ್ಲಾಂಪ್ ಹಿಡಿಯುವ ಜಾಗವೇ ಬೇರೆ. ಕೊನೆಗೆ ಕೇಳಿದ್ದು: "ಎಷ್ಟು ಸಲ ಪೂರ್ತಿ ತೆಗೀತೀರಿ?" ನನ್ನ ಪ್ರಕಾರ ಅಸಲಿ ಪ್ರಶ್ನೆ ಅದೇ. ಗಟ್ಟಿ ಯಾವುದು, ಚಂದ ಯಾವುದು ಅನ್ನೋದೆಲ್ಲ ಆಮೇಲಿನ ಮಾತು.

ಎಲ್ಲಕ್ಕಿಂತ ಅಗ್ಗದ್ದು ಸಾಫ್ಟ್ ರೋಲ್-ಅಪ್. ದಪ್ಪ ವಿನೈಲ್ ಬಟ್ಟೆ, ಕೆಳಗೆ ಅಡ್ಡಪಟ್ಟಿಗಳು, ಪಕ್ಕದಲ್ಲಿ ವೆಲ್ಕ್ರೋ. ಚಾಪೆ ಸುತ್ತಿದ ಹಾಗೆ ಕ್ಯಾಬಿನ್ ಕಡೆಗೆ ಸುತ್ತಿ ಪಟ್ಟಿ ಕಟ್ಟಿದರೆ ಬೆಡ್ ಪೂರ್ತಿ ಖಾಲಿ. ನನಗೆ ಇದೇ ಸಾಕು ಅನ್ನಿಸಿತ್ತು. ಭಾವ ವೆಲ್ಕ್ರೋ ಮುಟ್ಟಿ ನೋಡಿ, "ಜನವರೀಲಿ ಇದರೊಳಗೆ ಮಂಜುಗಡ್ಡೆ ಕೂತ್ರೆ?" ಅಂದರು. ಮಾತು ನಿಜ. ಚಳಿಗೆ ವಿನೈಲ್ ಸೆಟೆದುಕೊಂಡು ಬಿಗಿಯಾಗುತ್ತದೆ. ಸುತ್ತ ಗುಂಡಿ ಒತ್ತುವ ಹಳೇ ಕಾಲದ ಸ್ನ್ಯಾಪ್ ಕವರ್‌ನಲ್ಲಂತೂ ಕೊನೇ ಗುಂಡಿ ಹಾಕೋಕೆ ಬೆರಳು ಸೋಲುತ್ತೆ. ಅದೂ ಅಲ್ಲದೆ ಬಟ್ಟೆಗೆ ಬ್ಲೇಡ್ ಸಾಕು, ಬೀಗ ಹಾಕಿದ್ದೂ ದಂಡ.

ಅದರ ಪಕ್ಕದಲ್ಲೇ ಹೊಳೆಯುವ ಒನ್-ಪೀಸ್. ಇಡೀ ಬೆಡ್‌ಗೆ ಒಂದೇ ಫೈಬರ್‌ಗ್ಲಾಸ್ ಹಲಗೆ, ಟ್ರಕ್ಕಿನದ್ದೇ ಬಣ್ಣ, ಕಾರಿನ ಡಿಕ್ಕಿ ತರಹ ಗ್ಯಾಸ್ ರಾಡ್ ಮೇಲೆ ಎದ್ದು ನಿಲ್ಲುತ್ತೆ. ನೋಡೋಕೆ ಎಲ್ಲಕ್ಕಿಂತ ಚಂದ. ಆದರೆ ಬಿಚ್ಚೋಕೆ ಇಬ್ಬರು ಬೇಕು, ಬಿಚ್ಚಿದ ಮೇಲೆ ಇಡೋಕೆ ಗ್ಯಾರೇಜಲ್ಲಿ ಒಂದು ಗೋಡೆ ಬೇಕು. ಆ ಗೋಡೆ ಅಕ್ಕನ ಉಪ್ಪಿನಕಾಯಿ ಜಾಡಿಗಳದ್ದು. ಮಾತು ಅಲ್ಲಿಗೇ ಮುಗಿಯಿತು.

ಭಾವನ ಕಣ್ಣು ನೆಟ್ಟಿದ್ದು ರಿಟ್ರ್ಯಾಕ್ಟಬಲ್ ಮೇಲೆ. ಅಂಗಡಿ ಶಟರ್ ಹಾಗೆ ಅಲ್ಯುಮಿನಿಯಂ ಪಟ್ಟಿಗಳು ಸರ್ರನೆ ಮುಂದಕ್ಕೆ ಸರಿದು ಕ್ಯಾಬಿನ್ ಪಕ್ಕದ ಡಬ್ಬಿಯೊಳಗೆ ಹೋಗುತ್ತವೆ. ಅರ್ಧಕ್ಕೆ ನಿಲ್ಲಿಸಿ ಬೀಗ ಹಾಕಬಹುದು. ಮೋಟರ್ ಇರುವ ಮಾದರಿಯಲ್ಲಿ ಗುಂಡಿ ಒತ್ತಿದರೆ ಆಯ್ತು. ಟೆಸ್ಲಾ ಸೈಬರ್‌ಟ್ರಕ್ಕಿಗೆ ಇಂಥದ್ದು ಕಂಪನಿಯಿಂದಲೇ ಬರುತ್ತೆ. ಭಾವ ಅದನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು. ನಾನು ಬಗ್ಗಿ ಡಬ್ಬಿ ನೋಡಿದೆ. ಐದೂವರೆ ಅಡಿ ಬೆಡ್‌ನಲ್ಲಿ ಮುಂದುಗಡೆ ಒಂದು ಅಡಿಯಷ್ಟು ಜಾಗ ಅದೇ ತಿನ್ನುತ್ತೆ. ಡಬ್ಬಿಗೆ ಬಿದ್ದ ನೀರು ಹೊರಗೆ ಹೋಗಲು ಸಣ್ಣ ರಬ್ಬರ್ ಪೈಪ್‌ಗಳಿವೆ, ಅವುಗಳಲ್ಲಿ ಎಲೆ ಸಿಕ್ಕಿಕೊಂಡರೆ ನೀರು ಒಳಗೇ. ಹಳಿಯಲ್ಲಿ ನೀರು ಹೆಪ್ಪುಗಟ್ಟಿದರೆ ಪಟ್ಟಿ ಕದಲಲ್ಲ. ಬೆಲೆ ನೋಡಿದರೆ ಸಾಫ್ಟ್ ಕವರ್ ನಾಲ್ಕೈದು ಬರುತ್ತೆ. ಬಿಸಿಲಿನ ಆರಿಜೋನಾದಲ್ಲಿದ್ದರೆ ನಾನೂ ಇದನ್ನೇ ಕೊಳ್ಳುತ್ತಿದ್ದೆ ಬಿಡಿ.

"ಪೆಟ್ರೋಲ್ ಉಳಿಯುತ್ತೆ ಅಂತಾರಲ್ಲ?" ಅಂತ ಭಾವ ಕೊನೇ ಅಸ್ತ್ರ ತೆಗೆದರು. ಕೌಂಟರ್‌ನವರು ನಕ್ಕರು. ಹಿಂಬಾಗಿಲು ಮುಚ್ಚಿದ್ದರೆ ಬೆಡ್‌ನೊಳಗೆ ಗಾಳಿ ಸುಳಿಯಾಗಿ ನಿಲ್ಲುತ್ತೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತೆ. ಮುಚ್ಚಳ ಹಾಕಿದರೆ ಲಾಭ ಇದೆ, ಆದರೆ ಚಿಲ್ಲರೆ. ಮಾರುವವರೇ ಹೀಗೆ ಹೇಳಿದ್ದು ನನಗೆ ಖುಷಿಯಾಯ್ತು.

ಕೊನೆಗೆ ತಂದದ್ದು ಹಾರ್ಡ್ ಫೋಲ್ಡಿಂಗ್. ಅಲ್ಯುಮಿನಿಯಂ ಹೊದಿಸಿದ ಹಲಗೆಗಳು, ನಡುವೆ ರಬ್ಬರ್ ಕೀಲು. ಮೂರು ಮಡಿಕೆಯಾದರೆ ಟ್ರೈ-ಫೋಲ್ಡ್, ನಾಲ್ಕಾದರೆ ಕ್ವಾಡ್-ಫೋಲ್ಡ್. ಕೆಲವು ಬ್ರ್ಯಾಂಡ್‌ಗಳು ಸಮನಾಗಿ ಹರಡಿದ 400 ಪೌಂಡ್ ಭಾರ ತಡೆಯುತ್ತೆ ಅನ್ನುತ್ತವೆ. ಅಂದರೆ ಹಿಮಕ್ಕೆ ಹೆದರಬೇಕಿಲ್ಲ. ಹಿಂಬಾಗಿಲು ಮುಚ್ಚಿ ಬೀಗ ಹಾಕಿದರೆ ಹೊರಗಿನಿಂದ ಬಿಚ್ಚೋಕೆ ಹಿಡಿಯೇ ಸಿಗಲ್ಲ. ಪೂರ್ತಿ ಮಡಚಿದರೆ ಕ್ಯಾಬಿನ್‌ಗೆ ಒರಗಿ ನಿಂತು ಹಿಂದಿನ ಗಾಜು ಕಾಣಲ್ಲ, ಅದೊಂದು ತೊಂದರೆ.

ಕೂರಿಸಿದ್ದು ಮನೆ ಮುಂದೆಯೇ. ಡ್ರಿಲ್ ಬೇಕಾಗಲಿಲ್ಲ. ಪಕ್ಕದ ಹಳಿಗಳನ್ನು ಬೆಡ್ ಅಂಚಿಗೆ ಕ್ಲಾಂಪ್ ಹಾಕಿ ಬಿಗಿಯೋದು, ಕ್ಯಾಬಿನ್ ಕಡೆ ರಬ್ಬರ್ ಅಂಟಿಸೋದು, ಮೇಲೆ ಹಲಗೆ ಇಡೋದು. ಭಾವ ನಟ್ಟುಗಳನ್ನು ಟ್ರಕ್ಕಿನ ಮೈಗೆ ಅಂಟಿಸಿಡೋಣ ಅಂತ ಆಯಸ್ಕಾಂತದ ತಟ್ಟೆ ತಂದರು. ಅದು ಜಾರಿ ಕೆಳಗೆ ಬಿತ್ತು. 2015ರಿಂದ ಎಫ್-150ರ ಮೈ ಅಲ್ಯುಮಿನಿಯಂ ಅಲ್ವಾ! ನಟ್ಟು ಹುಡುಕೋಕೆ ಹಿಡಿದಷ್ಟು ಹೊತ್ತು ಕೂರಿಸೋಕೆ ಹಿಡಿಯಲಿಲ್ಲ.

ಆಮೇಲೆ ಅಕ್ಕ ಪೈಪ್ ಹಿಡಿದು ನೀರು ಬಿಟ್ಟಳು. ಹಿಂಬಾಗಿಲಿನ ಎರಡೂ ಮೂಲೆಯಲ್ಲಿ ಒಳಗೆ ಹನಿಯಿತು. ಭಾವನ ಮುಖ ಸಣ್ಣದಾಯ್ತು. ಕಂಪನಿಯ ಪುಸ್ತಕದಲ್ಲೇ ನೀರು ತಡೆಯುತ್ತೆ ಅಂತ ಇದೆ, ಒಂದು ಹನಿಯೂ ಬರಲ್ಲ ಅಂತ ಇಲ್ಲ. ಹಿಂಬಾಗಿಲಿನ ಸಂದು ಮುಚ್ಚಳಕ್ಕೆ ಸೇರಿದ್ದಲ್ಲ, ಟ್ರಕ್ಕಿನದು. ಅದಕ್ಕೆ ಬೇರೆ ರಬ್ಬರ್ ಪಟ್ಟಿ ಸಿಗುತ್ತೆ, ಹಾಕಿದ ಮೇಲೆ ಮುಕ್ಕಾಲು ಪಾಲು ನಿಂತಿತು.

"ಸಾರಿನ ಕೊಳಗ ಇದರ ಕೆಳಗೆ ಹಿಡಿಸುತ್ತಾ?" ಅಂತ ಅಕ್ಕ ಕೇಳಿದಾಗ ನಾನೂ ಭಾವನೂ ಮುಖ ಮುಖ ನೋಡಿಕೊಂಡೆವು. ಬೆಡ್ ಆಳ ಸುಮಾರು 21 ಇಂಚು. ಭಾವ ಟೇಪ್ ತಂದು ಅಳೆದರು. ಕೊಳಗ ಹಿಡಿಸಿತು. ಅದರ ಮೇಲೆ ತಟ್ಟೆ ಮುಚ್ಚಿದರೆ ಹಿಡಿಸಲಿಲ್ಲ. ಹಾಗಾಗಿ ಯುಗಾದಿಗೆ ಹಿಂದಿನ ಒಂದು ಮಡಿಕೆ ತೆರೆದು, ಕೊಳಗವನ್ನು ಹಿಂಬಾಗಿಲಿಗೆ ಒತ್ತಿ ಕಟ್ಟಿ, ಮಿಕ್ಕ ಸಾಮಾನೆಲ್ಲ ಮುಚ್ಚಳದ ಕೆಳಗೆ ಇಟ್ಟು ಹೊರಟೆವು. ಕೊಳಗದ ಬಾಯಿಗೆ ಹೊದಿಸಿದ್ದು ಟಾರ್ಪಾಲ್.