ಲೂಪಿನ್ ಸರ್‌ಗೆ ಹ್ಯಾರಿ ಬೈದದ್ದು

18 ಮೇ 2025, ಭಾನುವಾರ
ಕಲಬುರಗಿ

ಕಥೆಪುಸ್ತಕದ ಮಾಟಗಾರ ಹುಡುಗ ಹ್ಯಾರಿ ಪಾಟರ್ ದೊಡ್ಡವನಾದದ್ದು ಯಾವಾಗ? ದುಷ್ಟ ಮಾಟಗಾರ ವೋಲ್ಡೆಮಾರ್ಟ್‌ನನ್ನು ಸೋಲಿಸಿದಾಗ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಏಳನೇ ಪುಸ್ತಕದಲ್ಲಿ ತನಗೆ ಕಲಿಸಿದ ಸರ್‌ಗೇ ಎದುರು ನಿಂತು ಬೈದನಲ್ಲ, ಅವತ್ತೇ ದೊಡ್ಡವನಾದ.

ಅಕ್ಕನ ಮಗ ರಜೆಗೆ ಬಂದಿದ್ದಾನೆ. ಈ ಬಿಸಿಲಲ್ಲಿ ಹೊರಗೆ ಕಾಲಿಡಲು ಆಗಲ್ಲ, ಕೂಲರ್ ಮುಂದೆ ಕೂತು ಅದನ್ನೇ ಓದುತ್ತಿದ್ದಾನೆ. ಮಧ್ಯಾಹ್ನ ರೊಟ್ಟಿ ಮುರಿಯುತ್ತಾ ಕೇಳಿದ: "ಮಾಮಾ, ಲೂಪಿನ್ ಸರ್‌ಗೆ ಹ್ಯಾರಿ ಹಂಗ್ಯಾಕ ಬೈದ? ಸರ್‌ಗೆ ಹಂಗ ಅನಬಾರ್ದಲ್ಲ?"

ಒಳ್ಳೆ ಪ್ರಶ್ನೆ. ಲೂಪಿನ್ ಅಂದರೆ ಸುಮ್ನೆ ಯಾರೋ ಅಲ್ಲ. ಹ್ಯಾರಿಗೆ 13 ವರ್ಷ ಇದ್ದಾಗ, ರೈಲಿನಲ್ಲಿ ಡಿಮೆಂಟರ್ (ಮನುಷ್ಯರ ಸಂತೋಷವನ್ನೇ ಹೀರುವ ಪ್ರಾಣಿ) ಕಂಡು ಎಚ್ಚರ ತಪ್ಪಿ ಬಿದ್ದಾಗ, ಚಾಕೊಲೇಟ್ ಕೊಟ್ಟವರು ಅವರು. ಆಮೇಲೆ ಬೇರೆಯಾಗಿ ಕೂರಿಸಿಕೊಂಡು ಅದನ್ನು ಓಡಿಸುವ ಪೆಟ್ರೋನಸ್ ಮಂತ್ರ ಕಲಿಸಿದವರೂ ಅವರೇ. ಅಪ್ಪನ ಗೆಳೆಯ ಬೇರೆ. ಅಂಥವರು ಬಸುರಿ ಹೆಂಡತಿಯನ್ನು ಬಿಟ್ಟು, ವೋಲ್ಡೆಮಾರ್ಟ್‌ನನ್ನು ಸೋಲಿಸಲು ಹೊರಟ ಹ್ಯಾರಿ ಮತ್ತು ಗೆಳೆಯರಿಗೆ, ನಿಮ್ಮ ಜೊತೆ ನಾನೂ ಬರುತ್ತೇನೆ ಅನ್ನುತ್ತಾರೆ. ಹುಟ್ಟುವ ಮಗು ತನ್ನ ಹಾಗೇ ತೋಳಮನುಷ್ಯ ಆದರೆ ಅನ್ನೋ ಭಯ, ನಾಚಿಕೆ. ಹ್ಯಾರಿಗೆ ಆಗ 17. ಅಷ್ಟು ಗೊತ್ತಿರುವ ಒಬ್ಬರು ಜೊತೆಗಿದ್ದರೆ ಅವನಿಗೇ ಲಾಭ. ಆದರೂ ಬೇಡ ಅಂದ. ಮಗುವನ್ನು ಬಿಟ್ಟು ಹೋಗಬೇಡಿ ಅಂದ. ಹೇಡಿ ಅಂತಲೂ ಅಂದುಬಿಟ್ಟ. ಒಂದು ವರ್ಷದವನಿದ್ದಾಗಲೇ ಅಪ್ಪ ಅಮ್ಮನನ್ನು ಕಳೆದುಕೊಂಡವನು ಅದನ್ನು ಬೇರೆ ಹೇಗೆ ಹೇಳುತ್ತಾನೆ?

ಈ ಧೈರ್ಯದ ಅರ್ಧ ಪಾಲು ಗೆಳೆಯ ರಾನ್‌ನ ಅಮ್ಮ ಮಾಲಿ ವೀಸ್ಲಿ ಮನೆಯದು ಅಂತ ನನ್ನ ಲೆಕ್ಕ. ಮಾಟ ಕಲಿಸುವ ಶಾಲೆ ಹಾಗ್ವಾರ್ಟ್ಸ್‌ನ ಮೊದಲ ಕ್ರಿಸ್‌ಮಸ್‌ಗೆ ಸ್ವಂತ ದೊಡ್ಡಮ್ಮನ ಮನೆಯಿಂದ ಬಂದದ್ದು 50 ಪೆನ್ಸ್‌ನ ಒಂದು ನಾಣ್ಯ. ರೈಲ್ವೆ ಸ್ಟೇಷನ್‌ನಲ್ಲಿ ಒಮ್ಮೆ ನೋಡಿದ ಮಾಲಿ ಕಳಿಸಿದ್ದು ಕೈಯಾರೆ ಹೆಣೆದ ಹಸಿರು ಸ್ವೆಟರ್, ಮನೆಯಲ್ಲೇ ಮಾಡಿದ ಸಿಹಿ. 17 ತುಂಬಿದಾಗ ಮಾಟಗಾರರ ಮಕ್ಕಳಿಗೆ ಗಡಿಯಾರ ಕೊಡುವ ಪದ್ಧತಿ ಇದೆ. ರಾನ್‌ಗೆ ಹೊಸದು ಕೊಟ್ಟಿದ್ದರು. ಹ್ಯಾರಿಗೆ ಕೊಟ್ಟದ್ದು ಹಳೆಯದು, ಹಿಂದೆ ಸ್ವಲ್ಪ ತಗ್ಗು ಬಿದ್ದದ್ದು. ಅದು ಸತ್ತುಹೋದ ಅವಳ ಸ್ವಂತ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಫೇಬಿಯನ್‌ನದು! ಹೊಸದಲ್ಲ ಅಂತ ಅವಳು ಸಂಕೋಚ ಪಡುತ್ತಿದ್ದರೆ, ಹ್ಯಾರಿ ಮಾತೇ ಬರದೆ ಎದ್ದು ಹೋಗಿ ತಬ್ಬಿಕೊಳ್ಳುತ್ತಾನೆ. ಆ ಪುಟ ಬಂದಾಗೆಲ್ಲ ನನ್ನ ಕಣ್ಣು ತುಂಬುತ್ತದೆ.

ಹ್ಯಾರಿಯ ಗಾಡ್‌ಫಾದರ್, ಅಪ್ಪನ ಗೆಳೆಯ ಸಿರಿಯಸ್‌ನದು ಬೇರೆ ಕಥೆ. ಜೀವಕ್ಕೆ ಜೀವ ಕೊಡುವವನು, ಆದರೆ ಹುಡುಗನಲ್ಲಿ ಸತ್ತ ಗೆಳೆಯನನ್ನೇ ಹುಡುಕುತ್ತಿದ್ದ. ಶಾಲೆಯ ಹೆಡ್‌ಮಾಸ್ಟರ್ ಡಂಬಲ್ಡೋರ್ ಎಷ್ಟೋ ಕಲಿಸಿದರು, ಮುಖ್ಯವಾದದ್ದನ್ನೇ ವರ್ಷಗಟ್ಟಲೆ ಮುಚ್ಚಿಟ್ಟರು. ಸಿರಿಯಸ್ ಸತ್ತ ಮೇಲೆ ಆ ಹುಡುಗನ ಮುಂದೆ ಕೂತು ತಪ್ಪು ನನ್ನದೇ ಅಂತ ಒಪ್ಪಿಕೊಂಡರಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ.

ಮುಂದೆ ಲೂಪಿನ್‌ಗೆ ಗಂಡು ಮಗು ಹುಟ್ಟುತ್ತದೆ. ಬೈಸಿಕೊಂಡವರೇ ಓಡಿಬಂದು, ನೀನೇ ನನ್ನ ಮಗನ ಗಾಡ್‌ಫಾದರ್ ಆಗು ಅನ್ನುತ್ತಾರೆ. ನಮ್ಮಲ್ಲಿ ಜಾವಳಕ್ಕೆ ಮಗುವನ್ನು ಸೋದರಮಾವನ ತೊಡೆ ಮೇಲೆ ಕೂರಿಸುತ್ತಾರಲ್ವಾ, ಅಕ್ಕನ ಮಗನನ್ನು ಹಾಗೆ ಕೂರಿಸಿಕೊಂಡವನು ನಾನು. ಅದಕ್ಕೋ ಏನೋ, ಆ ಮಾತಿನ ತೂಕ ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ಅವನು ಓದುತ್ತಾ ಇನ್ನೂ ಅಲ್ಲಿಗೆ ಬಂದಿಲ್ಲ, ಅದಕ್ಕೆ ಹೇಳಲಿಲ್ಲ. ಸಂಜೆ ಅಪ್ಪನ ಕೆರೆ ಹತ್ತಿರ ಅಡ್ಡಾಡುವಾಗಲೂ ಅದೇ ವಾದ. "ಬೈದದ್ದು ಖರೆ ಐತಿ ಮಾಮಾ, ಆದ್ರ ಹೇಡಿ ಅನಬಾರ್ದಿತ್ತು" ಅಂತ ಪಟ್ಟು ಬಿಡಲಿಲ್ಲ.