ಅವರೆಕಾಯಿ ನೆಪದಲ್ಲಿ ಪಾಂಡವಪುರಕ್ಕೆ

ಡಿಸೆಂಬರ್ ಕೊನೇ ವಾರ ಫ್ರೆಂಡ್ಸ್ ಎಲ್ಲಾ ಗೋವಾ ಊಟಿ ಅಂತ ಹೊರಟ್ರೆ ನಾನು ಮೈಸೂರು ಕಡೆ ಪ್ಯಾಸೆಂಜರ್ ಟ್ರೈನ್ ಹತ್ತಿ ಪಾಂಡವಪುರದಲ್ಲಿ ಇಳಿದೆ, ಅಕ್ಕನ ಮನೆಗೆ. ಎರಡೆಕರೆ ಜಮೀನು ಅವ್ರದ್ದು, ಒಂದೆಕರೆ ಕಬ್ಬು, ಮಿಕ್ಕಿದ್ರಲ್ಲಿ ರಾಗಿ, ಬದು ಮೇಲೆ ತೆಂಗು, ಎರಡು ಹಸು, ಲೆಕ್ಕಕ್ಕೇ ಸಿಗದಷ್ಟು ಕೋಳಿ. ಎರಡು ದಿನಕ್ಕೆ ಅಂತ ಹೋದವ್ನು ಐದು ದಿನ ಇದ್ದೆ.

ಈ ಕಡೆ ಚಳಿ ಅಂದ್ರೆ ಹೆದರ್ಸೋ ಚಳಿ ಅಲ್ಲ, ಬೆಳಿಗ್ಗೆ 16 ಡಿಗ್ರಿ ಇದ್ರೆ ಹೆಚ್ಚು, ಹತ್ತು ಗಂಟೆಗೆಲ್ಲಾ ಸ್ವೆಟರ್ ಬಿಚ್ಚಿ ಹೆಗಲಿಗೆ ಹಾಕ್ಕೋಬೇಕು. ಆದ್ರೂ ಭಾವ ಮಂಕಿ ಕ್ಯಾಪ್ ಬಿಗಿದು ಹಂಡೆ ಒಲೆ ಮುಂದೆ ಕೂತು "ಏಳ್ಲಾ, ಬೆಂಗ್ಳೂರ್ನಾಗೆ ಎಂಟ್ ಗಂಟೆಗಾ ಬೆಳಕಾಗದು?" ಅಂತ ದಿನಾ ಕೂಗೋರು.

ರಾಗಿ ಕುಯ್ದಾಗಿತ್ತು, ಅಕ್ಕಡಿ ಸಾಲಿನ (ರಾಗಿ ಮಧ್ಯೆ ಮಧ್ಯೆ ಸಾಲು ಬಿಟ್ಟು ಹಾಕೋ) ಅವರೆ ಮಾತ್ರ ನಿಂತಿತ್ತು. ಇಬ್ಬನಿ ಆರೋಕೆ ಮುಂಚೆ ಕಾಯಿ ಕಿತ್ರೆ ಕೈಗೆಲ್ಲಾ ಅಂಟು, ಆ ಸೊಗಡು ಸೋಪ್ ಹಾಕಿ ಉಜ್ಜಿದ್ರೂ ಹೋಗಲ್ಲ. ರಾತ್ರಿ ನೆನೆಸಿಟ್ಟ ಕಾಳನ್ನ ಬೆಳಿಗ್ಗೆ ಜಗಲಿ ಬಿಸಿಲಲ್ಲಿ ಕೂತು ಹಿತುಕೋದು ನನ್ನ ಕೆಲ್ಸ. ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿದ್ರೆ ಸಾಕು ಬೇಳೆ ಪುಸಕ್ ಅಂತ ಹಾರುತ್ತೆ, ನಂದು ಅರ್ಧ ಪಾತ್ರೆಗೆ ಅರ್ಧ ಕೋಳಿ ಬಾಯಿಗೆ. ಅಕ್ಕ ನೋಡೀ ನೋಡೀ "ಬುಡಪ್ಪ, ನೀನು ಮುದ್ದೆ ಉಣ್ಣೋಕ್ ಮಾತ್ರ ಬಾ" ಅಂತ ಪಾತ್ರೆ ಕಿತ್ಕೊಂಡ್ಲು.

ಮೂರನೇ ದಿನ ಪಕ್ಕದ ಆಲೆಮನೆಗೆ ಹೋದ್ವಿ. ಚಳಿಗಾಲದಲ್ಲಿ ಅದಕ್ಕಿಂತ ಸುಖವಾದ ಜಾಗ ಇಲ್ಲ, ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೇನೇ ಒಲೆಗೆ ತುಂಬ್ತಾ ಇರ್ತಾರೆ, ಮೇಲೆ ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದೀತಿರುತ್ತೆ (ಕಬ್ಬಿನ ಹಾಲು, ಇಲ್ಲಿ ರಸ ಅಂದ್ರೆ ನಗ್ತಾರೆ). ಸುಣ್ಣ ಹಾಕಿದ್ ಮೇಲೆ ಕೊಳೆಯೆಲ್ಲಾ ನೊರೆ ಆಗಿ ಮೇಲೆ ಬರುತ್ತೆ, ಅದನ್ನ ತೆಗೀತಾನೇ ಇರ್ಬೇಕು. ಕೆಮಿಕಲ್ ಹಾಕ್ದೇ ಇದ್ರೆ ಬೆಲ್ಲ ಕಪ್ಪಗಾಗುತ್ತೆ, ಹಳದಿಗೆ ಇಲ್ಲ ಅಂದ್ರೆ ರೇಟ್ ಸಿಗಲ್ಲ, ತಪ್ಪು ಕೊಳ್ಳೋ ನಮ್ದೇ ಅನ್ಸುತ್ತೆ ನಂಗೆ. ಆಮೇಲೆ ಆಸೆ ತಡೀದೇ ಬಿಸಿ ಪಾಕ ನೆಕ್ಕಿ ನಾಲಿಗೆ ಸುಟ್ಕೊಂಡೆ, ಎರಡು ದಿನ ಸಾರಿನ ರುಚಿನೇ ಗೊತ್ತಾಗ್ಲಿಲ್ಲ, ಹೋಗಿದ್ದೇ ಅದಕ್ಕೆ!

ತೊಣ್ಣೂರು ಕೆರೆಗೂ ಹೋಗ್ಬಂದ್ವಿ, ಮೋತಿ ತಲಾಬ್ ಅಂತ ಇನ್ನೊಂದು ಹೆಸ್ರು ಅದಕ್ಕೆ. ನೀರು ಚೆನ್ನಾಗಿದೆ, ಜನ ಜಾಸ್ತಿ, ಬೇಗ ವಾಪಸ್ ಬಂದ್ವಿ. ಅದಕ್ಕಿಂತ ಸಂಜೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ನಡೆಯೋದೇ ಇಷ್ಟ ಆಯ್ತು, ಭಾವ ಈಗ್ಲೂ ಅವ್ರಪ್ಪನ ಥರ ಅದನ್ನ ಹಳೇ ಹೆಸ್ರಲ್ಲಿ ಇರ್ವಿನ್ ನಾಲೆ ಅಂತಾನೇ ಅಂತಾರೆ.

ವಾಪಸ್ ಬರುವಾಗ ಅಕ್ಕ ಒಂದ್ ಚೀಲ ಅವರೆಕಾಯಿ, ಅಚ್ಚು ಬೆಲ್ಲ ತುಂಬಿ ಕೊಟ್ಲು. ಟ್ರೈನಲ್ಲಿ ಸೀಟ್ ಕೆಳಗೆ ತಳ್ಳಿ ಕೂತಿದ್ದೆ, ಮದ್ದೂರಲ್ಲಿ ಹತ್ತಿದ ಅಜ್ಜಿ ಚೀಲ ನೋಡೇ ಇಲ್ಲ, ಕೂತ್ಕೊಂಡ್ ತಕ್ಷಣ ಮೂಗು ಅರಳಿಸಿ "ಒಳ್ಳೆ ಸೊಗಡವ್ರೆ, ಕೇಜಿ ಏಟ್ ಕೊಟ್ಟಪ್ಪ?" ಅಂದ್ರು.