ಮೇಜರ್ ಜೀವಶಾಸ್ತ್ರ, ಮೈನರ್ ಸಂಗೀತ

ಇವತ್ತು ಫಾರ್ಮ್ ತುಂಬಿ ಕೊಟ್ಟೆ. ಎರಡನೇ ವರ್ಷ ಮುಗಿಯುವುದರೊಳಗೆ ಮೇಜರ್, ಅಂದರೆ ಮುಖ್ಯ ವಿಷಯ, ಯಾವುದು ಅಂತ ಹೇಳಲೇಬೇಕಿತ್ತು. ಬರೆಯುವುದಕ್ಕೆ ಒಂದು ನಿಮಿಷ ಸಾಕಾಯಿತು, ಮನಸ್ಸು ಗಟ್ಟಿ ಮಾಡಿಕೊಳ್ಳಲು ಇಷ್ಟು ದಿನ ಹಿಡಿಯಿತು. ವಿಜ್ಞಾನ, ಕಲೆ ಎರಡನ್ನೂ ಒಟ್ಟಿಗೆ ಓದಬಹುದಾದ ನಮ್ಮಂಥ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮೇಜರ್‌ಗೆ 10-12 ಕೋರ್ಸ್, ಜೊತೆಗೆ ಓದುವ ಚಿಕ್ಕ ವಿಷಯವಾದ ಮೈನರ್‌ಗೆ 5-6. ಉಳಿದದ್ದು ನಮ್ಮ ಕುತೂಹಲಕ್ಕೆ ಬಿಟ್ಟಿದ್ದು.

ಇವೆರಡಕ್ಕೂ ಏನು ಸಂಬಂಧ ಅಂತ ಸುಮಾರು ಜನ ಕೇಳಿದರು. ಹಳೇ ಕಾಲದ ಪಟ್ಟಿ ನೋಡಿ: ವ್ಯಾಕರಣ, ತರ್ಕ, ಮಾತಿನ ಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಮಧ್ಯಯುಗದ ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಅಂದರೆ ಈ 7 ವಿದ್ಯೆಗಳು. ಸಂಗೀತ ಕೂತಿದ್ದು ಗಣಿತದ ಪಕ್ಕದಲ್ಲೇ! ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿ ಮೀಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಅದು ಲೆಕ್ಕವೂ ಹೌದು, ಸಂಗೀತವೂ ಹೌದು, ಅಲ್ವಾ?

ಹೋದ ವಾರ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡ್ ನೋಡುತ್ತಿದ್ದೆ. ಬಹುಪಾಲು ಕೋಶಗಳು ಸುಮ್ನೆ ಒಂದೇ ಥರ ಕಂಡವು. ಸ್ಲೈಡನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದೆ. ಕೊನೆಗೂ ವಿಭಜನೆಯಾಗುತ್ತಿದ್ದ ಒಂದು ಕೋಶದಲ್ಲಿ ಕ್ರೋಮೋಸೋಮುಗಳು ಎರಡು ಕಡೆಗೆ ಸರಿಯುತ್ತಿದ್ದ ಹಂತ ಸಿಕ್ಕಿತು. ಉಸಿರು ಹಿಡಿದು ನೋಡಿದೆ. ಪಿಯಾನೋದಲ್ಲಿ ಒಂದು ಸಾಲನ್ನು ಇಪ್ಪತ್ತು ಸಲ ನುಡಿಸಿ, ಒಳಗಿನ ಎರಡನೇ ದನಿ ಮೊದಲ ಸಲ ಕೇಳಿಸಿದಾಗಲೂ ನನಗೆ ಹೀಗೇ ಆಗಿತ್ತು.

ಮುಂದಿನ ಸೆಮಿಸ್ಟರಿನಲ್ಲಿ ತಳಿಶಾಸ್ತ್ರದ ಲ್ಯಾಬೂ ಸಂಗೀತ ರಚನೆಯ ಕ್ಲಾಸೂ ಒಂದೇ ಹೊತ್ತಿಗೆ ಬಂದಿವೆ. ನಾಳೆ ಸಲಹೆಗಾರರ ಹತ್ತಿರ ಹೋಗಿ ಕೇಳಬೇಕು. ಎರಡನ್ನೂ ಬಿಡುವ ಮನಸ್ಸಿಲ್ಲ.